ಕಾಂಗಾದಲ್ಲಿ ಖಾಲಿ ಬಿಟ್ಟ ಮರಗಳು

ಆರು ಜೋಡಿ ಕಾಂಗಾ ಬಟ್ಟೆಗೆ ನೂರಾ ಎಂಬತ್ತು ಪೌಂಡು ಬಿತ್ತು. ಲಂಡನ್ನಿನ ಪ್ರಿಂಟರುಗಳು ಅದರ ಮೂರು ಪಟ್ಟು ಕೇಳಿದ್ದರು, ನಾನು ಹುಬ್ಬಳ್ಳಿಯಲ್ಲಿ ಪ್ರಿಂಟ್ ಮಾಡಿಸಿದೆ. ಮಾದರಿ ತುಂಡು ತರಿಸುವ ಕೊರಿಯರ್ ಖರ್ಚನ್ನೂ ಉಳಿಸಿದೆ. ಜಾಣತನ ಅಂದುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆ. ಲಂಡನ್ನಿನ ವೆಂಬ್ಲಿಯಲ್ಲಿ ನನ್ನ ಸೀರೆ ಅಂಗಡಿ. ಕೀನ್ಯಾದ ಮೊಂಬಾಸಾದ ಹೆಂಗಸೊಬ್ಬಳು ಲೈನಿಂಗ್ ಬಟ್ಟೆಗೆ ಬರುತ್ತಿದ್ದಳು. ಚೌಕಾಸಿಯಲ್ಲಿ ನನಗೆ ಸರಿಸಾಟಿ, ಅದಕ್ಕೇ ಗೆಳತಿಯಾದಳು. ಬೀದಿಯಲ್ಲಿ ಜನರೆದುರು ಮಾತಿಲ್ಲದೆ ನಿಂತು, ನಡೆದು ತೋರಿಸುವುದು ಅವಳ ಕಲೆ. ಅವಳ ಮನೆಯ ರಸ್ತೆಯಲ್ಲಿ ಒಂದೊಂದೇ ಮರ ಕಡಿಯುತ್ತ ಬಂದಿದ್ದರು. ಉಳಿದವಕ್ಕೂ ನೋಟಿಸ್ ಅಂಟಿಸಿದ್ದರು. ಅವಳು ಕೌನ್ಸಿಲ್‌ನಿಂದ ಮರಗಳ ಪಟ್ಟಿ ತಂದು, ಜಾತಿಗೊಂದು ಬಣ್ಣ, ಸುತ್ತಳತೆಗೆ ತಕ್ಕಷ್ಟು ಉಂಗುರ ಹಾಕಿ, ತನ್ನ ಊರಿನ ಹೆಂಗಸರು ಉಡುವ ಕಾಂಗಾದ ಅಗಲ ಅಂಚಿನಲ್ಲಿ ಇಡೀ ರಸ್ತೆಯನ್ನು ಬರೆದಳು. ಅದನ್ನುಟ್ಟು ಗೆಳತಿಯರೊಂದಿಗೆ ನಡೆದು, ನೆರೆಯವರಿಂದ ಮನವಿಗೆ ಸಹಿ ಹಾಕಿಸಬೇಕು, ಉಳಿದ ಮರ ಉಳಿಸಬೇಕು. ಕಡಿದ ಮರಗಳ ಜಾಗ ಬಟ್ಟೆಯಲ್ಲೂ ಖಾಲಿಯೇ ಇರಬೇಕು ಎಂದೂ ಹೇಳಿದ್ದಳಂತೆ. ಪ್ರಿಂಟ್ ಮಾಡಿಸುವ ಕೆಲಸ ನಾನು ಹಿಡಿದಿದ್ದೆ, ಅವಳು ಹೇಳುವಾಗ ಮೀಟರ್ ಲೆಕ್ಕ ಹಾಕುತ್ತಿದ್ದೆ.

ಹುಬ್ಬಳ್ಳಿಯಿಂದ ಪ್ರಿಂಟರ್ ಫೋನ್ ಮಾಡಿದ.

“ಅಕ್ಕಾರ, ಅಂಚಿನ್ಯಾಗ ನಡುನಡುವ ಖಾಲಿ ಐತ್ರಿ. ಹಿಂಗ ಹೊಡೀಲೇನ್ರಿ?”

“ಡ್ಯಾಮೇಜ್ ಮಾಲು ಅಂತಾರೋ ಮಾರಾಯ. ಬಾಜೂಕಿನ ಡಿಸೈನ್ ಹಾಕಿ ತುಂಬಿಬಿಡು.”

“ಅದಕ್ಕ ಬ್ಯಾರೆ ರೊಕ್ಕಾ ಆಗ್ತೈತ್ರಿ.”

“ಒಂದು ಚಮಚ ಬಣ್ಣಕ್ಕ ರೊಕ್ಕಾ ಕೇಳ್ತೀಯೇನು? ನಾಚಿಕಿ ಇಲ್ಲೇನು ನಿನಗ?”

ಪುಕ್ಕಟೆ ತುಂಬಿಸಿದೆ.

ಗಂಟು ಬಂದದ್ದು ಪ್ರದರ್ಶನದ ದಿನ ಬೆಳಿಗ್ಗೆ. ಅವಳು ಅಂಚಿನುದ್ದಕ್ಕೂ ಬೆರಳಾಡಿಸಿ, ತುಂಬಿಸಿದ ಒಂದೊಂದು ಜಾಗದಲ್ಲೂ ನಿಲ್ಲಿಸಿದಳು. ಜನ ಸೇರಿಬಿಟ್ಟಿದ್ದರು, ಉಟ್ಟಳು. ಕಡಿದ ಒಂದೊಂದು ಮರದ ಬುಡದ ಎದುರೂ ನಿಂತಳು. ಪಕ್ಕದ ಮನೆಯ ಮುದುಕ ಬಟ್ಟೆಯ ಮೇಲಿನ ಮರ ಎಣಿಸಿ, “ನಮ್ಮ ರಸ್ತೇಲಿ ಇಷ್ಟೊಂದು ಮರ ಇದೆಯಾ? ಮತ್ತೆ ಯಾತಕ್ಕೆ ಈ ಗೋಳು?” ಎಂದು ಸಹಿ ಹಾಕದೆ ಪೆನ್ನು ಕೆಳಗಿಟ್ಟ. ಹಿಂದಿದ್ದವರು ನಕ್ಕು ಚದುರಿದರು.

“ನೀನು ಮಾರುವವಳು. ತೂತು ಕಂಡರೆ ಮುಚ್ಚುತ್ತೀ,” ಅಂದಳು, ಅಷ್ಟೇ.

ಮರಗಳು ಹೋದವು. ಅವಳು ಅಂದಿನಿಂದ ಎದುರಿನ ಅಂಗಡಿಯಲ್ಲಿ ಮೀಟರಿಗೆ ಇಪ್ಪತ್ತು ಪೆನ್ಸ್ ಹೆಚ್ಚು ಕೊಟ್ಟು ಲೈನಿಂಗ್ ಕೊಳ್ಳುತ್ತಾಳೆ, ಚೌಕಾಸಿ ಮಾಡದೆ. ನನಗೆ ಗಾಜಿನಾಚೆ ಕಾಣಿಸುತ್ತದೆ.

ನೀವು ಇನ್ನೊಬ್ಬರ ಕೆಲಸ ಹಿಡಿದಿದ್ದರೆ ಮಾದರಿ ತುಂಡಿನಲ್ಲಿ ಕಾಸು ಉಳಿಸಬೇಡಿ. ಅದನ್ನು ಕೆಲಸ ಕೊಟ್ಟವರ ಕೈಗೇ ಕೊಡಿ. ತಪ್ಪು ಕಂಡರೆ ತಿದ್ದುವ ಮೊದಲು ಅವರಿಗೊಂದು ಫೋನ್ ಮಾಡಿ. ಅವಳ ಮನೆ ನನ್ನ ಅಂಗಡಿಯಿಂದ ಎರಡೇ ಬಸ್ ಸ್ಟಾಪು.