ಚಹಾ ಬೇಡವೆಂದ ಪೊಲೀಸ

ನಾಟಕದಲ್ಲಿ ನನಗೆ ಸಿಗುವುದು ಯಾವಾಗಲೂ ಬಾಗಿಲು ತಟ್ಟುವವನ ಪಾತ್ರ. ಅಂಚೆಯವ, ಕೋರ್ಟಿನ ಜವಾನ, ಬೀಗರ ಕಡೆಯವ. ಮುಖವೇ ಅಂಥದ್ದಿರಬೇಕು. ಬಂದು, ಹೇಳಿ, ಹೋಗುವ ಈ ಜನಕ್ಕೂ ಒಂದು ಮನಸ್ಸು ಇರಬಹುದೆಂದು ನನಗೆ ಹೊಳೆದಿರಲಿಲ್ಲ, ಶಾಂತಾ ವೈನಿಯ ಎದುರು ನಿಲ್ಲುವವರೆಗೆ.

ವೈನಿ ಎಂದರೆ ಅತ್ತಿಗೆ; ಊರಿಗೆಲ್ಲ ವೈನಿಯಾದ ಇವರು ದಾಂಡೇಲಿಯಲ್ಲಿ ಖಾನಾವಳಿ ನಡೆಸುವವರು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ನಮ್ಮ ಹವ್ಯಾಸಿ ತಂಡದ ಹೊಸ ನಾಟಕದಲ್ಲಿ ಅವರು ಲಾರಿ ಡ್ರೈವರನ ತಾಯಿ. ಲಾರಿ ಘಾಟಿನಲ್ಲಿ ಉರುಳಿ ಮಗ ತೀರಿಕೊಂಡ ಸುದ್ದಿ ತರುವ ಪೊಲೀಸ ನಾನು. ನನಗಿದ್ದದ್ದು ಆ ಸುದ್ದಿಯ ಒಂದೇ ಮಾತು. ತಾಲೀಮಿನಲ್ಲಿ ವೈನಿ ಮತ್ತೆ ಮತ್ತೆ ಎಡಕ್ಕೆ ನೋಡುತ್ತಿದ್ದರು. ಅಲ್ಲಿ ಪರದೆ ಬಿಟ್ಟರೆ ಏನೂ ಇರಲಿಲ್ಲ. ಯಾಕೆಂದು ಕೇಳಿದೆ.

"ಒಲಿ ಮ್ಯಾಲ ಹಾಲಿಟ್ಟು ಬಂದೇನ್ರಿ," ಎಂದರು. "ಮಗಾ ಬರೂ ಹೊತ್ತು, ಬಂದ ಕೂಡ್ಲೆ ಚಾ ಬೇಕು ಅವಗ. ನಿಮ್ಮ ಪೊಲೀಸಪ್ಪ ಹೆಂಗ ಬಂದಾನ? ಬಸ್ಸಿನ್ಯಾಗೋ, ಸೈಕಲ್ ಮ್ಯಾಲೋ?"

ನಾಟಕದಲ್ಲಿ ಹಾಲಿನ ಮಾತೇ ಇಲ್ಲ. ಆದರೂ ಆ ಒಂದು ನೋಟದಲ್ಲಿ ಅಡುಗೆಮನೆ, ಒಲೆ, ದಾರಿಯಲ್ಲಿರುವ ಮಗ ಎಲ್ಲ ಕಾಣುತ್ತಿದ್ದವು. ರಸ ಹುಟ್ಟುವ ಬಗೆಯನ್ನು ವಿಭಾವ, ಅನುಭಾವ ಎಂದು ನಮ್ಮ ಲಾಕ್ಷಣಿಕರು ಬರೆದದ್ದನ್ನು ಪರೀಕ್ಷೆಗಾಗಿ ಓದಿ ಮರೆತಿದ್ದೆ. ಅದು ಹೀಗೆ ಒಲೆಯ ಮೇಲೆ ಕುದಿಯುತ್ತದೆಂದು ಯಾರು ಕಂಡಿದ್ದರು? ನನಗೆ ವೈನಿಯ ಮೇಲೆ ಭಕ್ತಿಯೇ ಹುಟ್ಟಿತು.

ನಾನೂ ಶುರುಮಾಡಿದೆ. ನನ್ನ ಪೊಲೀಸ ಜೊಯಿಡಾದಲ್ಲಿ ಬಸ್ಸಿಗೆ ಕಾದು ಕಾದು ನೆಗಡಿ ಹತ್ತಿಸಿಕೊಂಡವನು, ಹೆಂಡತಿಯೊಡನೆ ಜಗಳವಾಡಿದವನು, ಹೊಸ ಬೂಟಿನಿಂದ ಕಾಲು ಕಚ್ಚಿಸಿಕೊಂಡವನು. ಮರುದಿನ ಇಷ್ಟನ್ನೂ ಹೊತ್ತು ತಂದು ಕುಂಟಿದೆ, ಸೀನಿದೆ, ನಿಟ್ಟುಸಿರುಬಿಟ್ಟೆ. ಹಗಲೆಲ್ಲ ಬೈಕ್ ರಿಪೇರಿ ಮಾಡುವ ನಮ್ಮ ನಿರ್ದೇಶಕ ರಫೀಕಭಾಯಿಯ ತಾಳ್ಮೆ ಕೆಟ್ಟಿತು.

"ಸುದ್ದಿ ಹೇಳಾಕ ಬಂದೀರೋ, ದವಾಖಾನಿಗೆ ಬಂದೀರೋ? ಹಳಿಯಾಳದ ಪ್ರಯೋಗದಾಗ ಹಿಂಗ ಮಾಡಿದ್ರ ಮುಂದಿನ ಪ್ರಯೋಗಕ್ಕ ಮುಂಡಗೋಡಕ್ಕ ಬ್ಯಾರೆಯವರನ್ನ ಕರಕೊಂಡು ಹೋಗ್ತೇನಿ, ನೋಡ್ರಿ."

ಬಾಗಿಲು ತಟ್ಟುವ ಪಾತ್ರವೂ ಕೈತಪ್ಪಿದರೆ ನನಗೆ ಉಳಿಯುವುದು ಪರದೆ ಎಳೆಯುವ ಕೆಲಸ. ಹಳಿಯಾಳದ ರಂಗದ ಮೇಲೆ ಬಾಗಿಲು ತಟ್ಟಿದೆ. ವೈನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಮುಖದಲ್ಲಿ ಎಂಥ ನೆಮ್ಮದಿ! ನಾನು ಬಾಯಿ ತೆರೆದರೆ ಇವರ ಮಗ ಸಾಯುತ್ತಾನೆ. ತೆರೆಯದಿದ್ದರೆ ಇನ್ನೂ ದಾರಿಯಲ್ಲಿದ್ದಾನೆ. ನೆಗಡಿ, ಬೂಟು, ಜಗಳ ಎಲ್ಲ ಮರೆತುಹೋದವು. ಮಾತು ಹೊರಡಲಿಲ್ಲ. ಪರದೆಯ ಮರೆಯಲ್ಲಿ ರಫೀಕಭಾಯಿ ಕೈಕೈ ಹಿಸುಕಿಕೊಳ್ಳುತ್ತಿದ್ದರು.

"ದಣದು ಬಂದೀರಿ, ಕುಂದರ್ರಿ," ಎಂದರು ವೈನಿ, ನಾಟಕದಲ್ಲಿಲ್ಲದ ಮಾತು. "ಹಾಲು ಕುದಿಲಿಕ್ಕತ್ತೈತಿ, ಚಾ ತರ್ತೇನಿ."

ಅವರು ಒಳಗೆ ಹೋದರೆ ದೃಶ್ಯವೇ ಮುಗಿಯಿತು. ನನ್ನ ಬಾಯಿಂದ ಬಂದದ್ದು ಇಷ್ಟು:

"ಚಾ ಬ್ಯಾಡ್ರೀ, ಅವ್ವಾ."

ನಮ್ಮ ಕಡೆ ಜಗಳಕ್ಕೆ ಬಂದವನೂ ಚಹಾ ಕುಡಿದೇ ಜಗಳ ತೆಗೆಯುತ್ತಾನೆ. ಬೇಡವೆನ್ನುವವನು ಏನು ತಂದಿರುತ್ತಾನೆಂದು ಎಲ್ಲರಿಗೂ ಗೊತ್ತು. ವೈನಿ ನಿಂತರು. ನನ್ನ ಕಡೆ ತಿರುಗಲೇ ಇಲ್ಲ. ಒಲೆಯತ್ತ ನೋಡುತ್ತಲೇ ಮೆಲ್ಲಗೆ ನೆಲಕ್ಕೆ ಕುಳಿತರು. ಸಭೆಯಲ್ಲೊಬ್ಬ ಹೆಣ್ಣುಮಗಳು ತಡೆಯಲಾರದೆ ಕೂಗಿದಳು: "ಅಯ್ಯ, ಯಾರರೆ ಆ ಹಾಲು ಇಳಸ್ರೀ!"

ನನ್ನ ಒಂದೇ ಮಾತು ಹೇಳದೆ ಉಳಿಯಿತು. ರಫೀಕಭಾಯಿ ಅದನ್ನು ನಾಟಕದಿಂದ ಹೊಡೆದುಹಾಕಿ, ನನ್ನನ್ನು ಮುಂಡಗೋಡಕ್ಕೆ ಉಳಿಸಿಕೊಂಡರು.

ಈಗ ಒಂದೇ ತೊಂದರೆ. ಮನೆಗೆ ಬಂದವರು ಯಾರೇ ಚಹಾ ಬೇಡವೆಂದರೂ ನನ್ನ ಎದೆ ಧಸಕ್ಕೆನ್ನುತ್ತದೆ. ನೀವು ದಾಂಡೇಲಿಗೆ ಬಂದರೆ ನಮ್ಮಲ್ಲಿಗೂ ಬನ್ನಿ. ಸಕ್ಕರೆ ಕಾಯಿಲೆಯಿದ್ದರೆ ಸಪ್ಪೆಯದೇ ಮಾಡಿಸೋಣ, ಅರ್ಧ ಕಪ್ಪಾದರೂ ಕುಡಿಯಿರಿ. ಏನು ಹೇಳುವುದಿದ್ದರೂ ಆಮೇಲೆ ಹೇಳುವಿರಂತೆ.