ಬಡಿಗ ಕಾಕಾನ ಗೋಡೆ ಕಪಾಟು

ದಾಂಡೇಲಿಯಲ್ಲಿ ನಮ್ಮ ಪಕ್ಕದ ಮನೆಯ ಬಡಿಗ ಕಾಕಾನ ಕಿವಿಯ ಮೇಲಿನ ಪೆನ್ಸಿಲ್ ಅಲ್ಲೇ ಮೊಳೆತು ಬೆಳೆದಿತ್ತೆಂದು ಆಣೆ ಮಾಡಿ ಹೇಳಬಲ್ಲೆ. ಪ್ರತಿ ಹಲಗೆಗೂ "ತಡಿ, ಇನ್ನೊಮ್ಮೆ ಅಳತಿ ನೋಡೂಣು" ಎನ್ನುತ್ತಿದ್ದರು. ಉಳಿ, ಗರಗಸ ಇಡಲು ಸಾಗವಾನಿ ಕಪಾಟು ಮಾಡಿ, ಗೋಡೆಗೆ ಗೂಟ ಬಡಿದು ತೂಗುಹಾಕಿದ್ದರು.

ಅಂಥದೇ ಬೇಕೆಂದು ಮಿಲ್ಲಿನ ಫೋರ್‌ಮನ್ ನೋಡಲು ಬರುವವರಿದ್ದರು. ಅಷ್ಟರಲ್ಲಿ ನಾನು, "ಆನಿ ಜೋತುಬಿದ್ರೂ ಬೀಳೂದಿಲ್ಲ" ಎಂದು ಗೆಳೆಯರ ಮುಂದೆ ಅದಕ್ಕೆ ಜೋತುಬಿದ್ದೆ. ಕಪಾಟು, ನಾನು, ಅರ್ಧ ಗೋಡೆ ಒಟ್ಟಿಗೇ ಕೆಳಗಿಳಿದೆವು.

ಕಾಕಾ ಓಡಿಬಂದು ಮೊದಲು ನನ್ನ ತಲೆ ಸವರಿದರು. ಆಗಲೇ ಫೋರ್‌ಮನ್ ಬಾಗಿಲಿಗೆ ಬಂದರು.

"ಏನಾತ್ರೀ?"

"ಗೂಟ ನಾನ ಸಡ್ಲ ಬಡದಿದ್ನಿರೀ," ಎಂದರು ಕಾಕಾ.

"ಹಂಗಾದ್ರ ಬ್ಯಾಡ ಬಿಡ್ರಿ," ಎಂದು ಫೋರ್‌ಮನ್ ಹೊರಟರು.

ಜೋತುಬಿದ್ದವನು ನಾನೆಂದು ಹೇಳಬೇಕಿತ್ತು. ಹೇಳದೆ, ನೋವೇ ಇಲ್ಲದ ಕಾಲು ಹಿಡಿದು ನರಳಿದೆ.