ಬಾನೆಟ್ಟಿನೊಳಗಿನ ಬುಸ್

ಆರ್.ಟಿ. ನಗರದಲ್ಲಿ ಮುಬೀನ್ ಸಾಹೇಬರ ಗ್ಯಾರೇಜಿಗಿಂತ ಅವರ ಕಿವಿಗೇ ಹೆಸರು ಹೆಚ್ಚು. ಕಾರು ಗೇಟು ದಾಟುವಷ್ಟರಲ್ಲಿ ಯಾವ ಬೇರಿಂಗ್ ಸವೆದಿದೆ, ಯಾವ ಬೆಲ್ಟು ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದರು. ಐವತ್ತೈದು ದಾಟಿದ ಮೇಲೆ ಆ ಕಿವಿ ಕೈಕೊಡತೊಡಗಿತು. ಗಿರಾಕಿಗಳಿಗೆ ಗೊತ್ತಾದರೆ ಮಾನ ಹೋದೀತೆಂದು ಒಂದು ಉಪಾಯ ಹಿಡಿದರು. ಬಾನೆಟ್ಟಿಗೆ ಕಿವಿಯೊಡ್ಡಿ, ಕಣ್ಣು ಮುಚ್ಚಿ, ಗಂಭೀರವಾಗಿ ಹೂಂಗುಡುವುದು. ಆಮೇಲೆ ಗಿರಾಕಿಯನ್ನು ಟೀಗೆ ಕಳಿಸಿ, ಎಲ್ಲವನ್ನೂ ಬಿಚ್ಚಿ ಹುಡುಕುವುದು. ಹೆಂಡತಿ ಕನೀಜ್‌ಗೂ ಈ ಗುಟ್ಟು ಗೊತ್ತಿರಲಿಲ್ಲ.

2014ರ ಬೇಸಿಗೆಯಲ್ಲಿ ಹೆಬ್ಬಾಳದ ಶಿವರಾಮ್ ತನ್ನ ಟರ್ಬೊ ಕಾರು ತಂದ. ಮದುವೆ ಛತ್ರಗಳಿಗೆ ಹೂವಿನ ಅಲಂಕಾರ ಮಾಡುವ ಆಸಾಮಿ, ಕಾರೆಂದರೆ ಪ್ರಾಣ. ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಟರ್ಬೊ ಒತ್ತಿಟ್ಟ ಗಾಳಿಯನ್ನು ಹೊರಗೆ ಬಿಡುವ ಬ್ಲೋ-ಆಫ್ ವಾಲ್ವು ಅದರಲ್ಲಿತ್ತು. ಆ 'ಪಿಸ್ಸ್' ಸದ್ದು ಇಡೀ ಫ್ಲೈಓವರಿಗೆ ಕೇಳಲೆಂದು ಅವನೇ ವಾಲ್ವು ಬಿಚ್ಚಿ, ಸ್ಪ್ರಿಂಗಿನ ತಿರುಪು ಸಡಿಲಿಸಿ, ಮತ್ತೆ ಕೂರಿಸಿದ್ದ. ಅಂದಿನಿಂದ ಸಿಗ್ನಲ್ ಸಿಕ್ಕಲ್ಲೆಲ್ಲ ಕಾರು ಕೆಮ್ಮಿ ನಿಲ್ಲುತ್ತಿತ್ತು. ಫ್ಲೈಓವರಿಗೆಲ್ಲ ಕೇಳಿಸುತ್ತಿದ್ದದ್ದು ಹಿಂದಿನ ಆಟೋದವರ ಬೈಗುಳ.

ಮುಬೀನ್ ತಿರುಪನ್ನು ಬಿಗಿ ಮಾಡಿದರು. ಕೆಮ್ಮು ನಿಂತಿತು, ಆದರೆ ಕಾರಿಗೆ ಎಳೆತವೇ ಇರಲಿಲ್ಲ. ಎಲ್ಲೋ ಗಾಳಿ ಸೋರುತ್ತಿರಬೇಕು. ಇಂಜಿನ್ ಆರಿಸಿ, ಟರ್ಬೊ ಗಾಳಿ ಎಳೆದುಕೊಳ್ಳುವ ಬಾಯಿಗೆ ಮುಚ್ಚಳ ಬಿಗಿದು, ಕಂಪ್ರೆಸರಿನಿಂದ ಮೆಲ್ಲಗೆ ಗಾಳಿ ತುಂಬಿಸಿದರು. ಕಿವಿಯೊಡ್ಡಿ ಕಣ್ಣು ಮುಚ್ಚಿದರು. ಶಿವರಾಮನಿಗೆ ಟೀ ಕುಡಿದು ಬರಲು ಹೇಳಿದರೆ, ತಾನು ಟೀ ಬಿಟ್ಟಿದ್ದೇನೆಂದು ಅಲ್ಲೇ ನಿಂತ. ಬೇರೆ ದಾರಿ ಕಾಣದೆ, ಸೋರಿಕೆ ಇಲ್ಲವೇ ಇಲ್ಲ, ಪೆಟ್ರೋಲೇ ಸರಿಯಿಲ್ಲ ಎಂದುಬಿಟ್ಟರು.

ಅಷ್ಟರಲ್ಲಿ ಊಟದ ಡಬ್ಬಿ ತಂದ ಕನೀಜ್ ಬಾಗಿಲಲ್ಲೇ ನಿಂತರು.

"ರೀ, ಹಿಂದಕ್ಕೆ ಬನ್ನಿ. ಅಲ್ಲಿ ಹಾವಿದೆ, ಬುಸ್ ಅಂತಿದೆ."

ಶಿವರಾಮ್ ಹಳೇ ಟೈರುಗಳ ರಾಶಿ ಹತ್ತಿದ. ರಾಶಿ ಜಾರಿ, ಸೊಂಟದವರೆಗೆ ಟೈರಿನೊಳಗೆ ಸಿಕ್ಕಿಕೊಂಡ. ಕನೀಜ್ ಪೊರಕೆ ಹಿಡಿದು ಬಂದು, ಅದರ ಹಿಡಿಯಿಂದ ನೇರ ವಾಲ್ವನ್ನು ತೋರಿಸಿದರು.

"ಎಲ್ಲಿ?" ಎಂದರು ಮುಬೀನ್.

"ಇಷ್ಟು ಜೋರಾಗಿದೆ. ನಿಮಗೆ ಕೇಳ್ತಾ ಇಲ್ವಾ?"

ಮುಬೀನ್ ವಾಲ್ವಿನ ಮೇಲೆ ಸೋಪಿನ ನೀರು ಸುರಿದರು. ಬುಡದಲ್ಲಿ ಗುಳ್ಳೆಗಳು ಬೊಳಬೊಳನೆ ಎದ್ದವು. ಶಿವರಾಮ್ ವಾಲ್ವು ಕೂರಿಸುವಾಗ ರಬ್ಬರ್ ರಿಂಗು ಸೊಟ್ಟಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಹೊಸ ರಿಂಗು ಹಾಕಿ ಮತ್ತೆ ಗಾಳಿ ತುಂಬಿಸಿದಾಗ, ಗುಳ್ಳೆ ಏಳದಿದ್ದರೂ ಮುಬೀನ್ ಹೆಂಡತಿಯ ಮುಖ ನೋಡಿದರು. ಆಕೆ ಬಗ್ಗಿ ಕೇಳಿ, ಹಾವು ಹೋಯಿತೆಂದರು.

ಓಡಿಸಿ ನೋಡಲು ಚಿಕ್ಕಜಾಲದ ಕಡೆ ಹೊರಟಾಗ ಕನೀಜರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಕಾಲೆತ್ತಿದೊಡನೆ ಪಾರಿವಾಳ ರೆಕ್ಕೆ ಬಡಿದಂತಾಗುತ್ತಿದೆ ಎಂದರು ಆಕೆ. ಹಾಗಾದರೆ ವಾಲ್ವು ತೆರೆಯದೆ ಗಾಳಿ ಒಳಗೇ ಬಡಿದಾಡುತ್ತಿದೆ, ತಿರುಪು ವಿಪರೀತ ಬಿಗಿಯಾಗಿದೆ. ಮುಬೀನ್ ಇಳಿದು ಕೊಂಚ ಸಡಿಲಿಸಿದರು. ಈ ಸಲ ಪಾರಿವಾಳವಿಲ್ಲ, ಶುದ್ಧ ಪಿಸ್ಸ್. ಇನ್ನೂ ಸ್ವಲ್ಪ ಜೋರು ಮಾಡಬಹುದೇ ಎಂದು ಶಿವರಾಮ್ ಕೇಳಿದ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬೇಡವೆಂದರು.

ಮರುವಾರ ಕನೀಜ್ ಗಂಡನನ್ನು ಕಿವಿ ಡಾಕ್ಟರ ಬಳಿ ಎಳೆದೊಯ್ದು ಮಷೀನು ಹಾಕಿಸಿದರು. ಮನೆಗೆ ಬಂದು, ಅಡುಗೆಮನೆಯಲ್ಲಿ ಎಂದಿನಂತೆ ತಮ್ಮಷ್ಟಕ್ಕೆ ಅತ್ತೆ, ನಾದಿನಿ, ಗಂಡ ಎಲ್ಲರಿಗೂ ಮಂತ್ರಪುಷ್ಪ ಶುರುಮಾಡಿದಾಗ ನಡುಮನೆಯಿಂದ ಮುಬೀನರ ದನಿ ಬಂತು:

"ಅಮ್ಮನ್ನ ಯಾಕೆ ಬೈತೀಯ? ಅವಳೇನು ಮಾಡಿದ್ಲು?"